ಮನೆಯಲ್ಲೇ ಮಾಡಿದ ಟಾರ್ಚ್‌ಗೆ ನಯವಾದ ರ‍್ಯಾಂಪಿಂಗ್: ಡ್ರೈವರ್ ಫರ್ಮ್‌ವೇರ್ ತಿದ್ದುವ ಸಮಗ್ರ ಮಾರ್ಗದರ್ಶಿ

ರ‍್ಯಾಂಪಿಂಗ್ ಅಂದರೆ ಬಟನ್ ಹಿಡಿದಷ್ಟು ಹೊತ್ತು ಬೆಳಕು ಮೆಲ್ಲಗೆ ಏರುವುದು ಅಥವಾ ಇಳಿಯುವುದು. ಡ್ರೈವರ್ ಅಂದರೆ ಎಲ್‌ಇಡಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಬೋರ್ಡ್, ಫರ್ಮ್‌ವೇರ್ ಅಂದರೆ ಅದರ ಚಿಪ್‌ನಲ್ಲಿ ಓಡುವ ಕೋಡ್. ಟಾರ್ಚ್ ಡ್ರೈವರ್‌ಗೆ ಮೊದಲ ಸಲ ಫರ್ಮ್‌ವೇರ್ ಬರೆಯುವವರು ಹೆಚ್ಚಾಗಿ ಒಂದೇ ಥರ ಶುರು ಮಾಡುತ್ತಾರೆ. ಬಟನ್ ಒತ್ತಿ ಹಿಡಿದಷ್ಟು ಹೊತ್ತು ಪಿಡಬ್ಲ್ಯೂಎಂ (ಎಲ್‌ಇಡಿಯನ್ನು ಕಣ್ಣಿಗೆ ಕಾಣದಷ್ಟು ವೇಗವಾಗಿ ಹತ್ತಿಸಿ ಆರಿಸಿ, ಹತ್ತಿರುವ ಪಾಲಿನಿಂದ ಬೆಳಕು ಹೊಂದಿಸುವ ವಿಧಾನ) ಸಂಖ್ಯೆಯನ್ನು 0ಯಿಂದ 255ರವರೆಗೆ ಒಂದೊಂದಾಗಿ ಏರಿಸುತ್ತಾರೆ. ಕೋಡ್‌ನಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ಕತ್ತಲಲ್ಲಿ ಹಿಡಿದು ನೋಡಿದರೆ ಬೆಳಕು ಶುರುವಿನಲ್ಲೇ ಧಡಕ್ಕನೆ ಏರಿಬಿಡುತ್ತದೆ. ಆಮೇಲೆ ಅರ್ಧಕ್ಕಿಂತ ಜಾಸ್ತಿ ಹೊತ್ತು ಏನೂ ಬದಲಾಗುತ್ತಿಲ್ಲ ಅನಿಸುತ್ತದೆ. ನಮಗೆ ದಿನಾ ಬೇಕಾಗುವ ಸಣ್ಣ ಬೆಳಕನ್ನು ಬೆರಳಿನಿಂದ ಹಿಡಿದು ನಿಲ್ಲಿಸಲು ಆಗುವುದೇ ಇಲ್ಲ.

ಕಾರಣ ನಮ್ಮ ಕಣ್ಣಿನಲ್ಲಿದೆ. ಪಿಡಬ್ಲ್ಯೂಎಂ 1ರಿಂದ 2ಕ್ಕೆ ಹೋದರೆ ಬೆಳಕು ಎರಡು ಪಟ್ಟು. 254ರಿಂದ 255ಕ್ಕೆ ಹೋದರೆ ಅರ್ಧ ಪರ್ಸೆಂಟ್ ಕೂಡ ಅಲ್ಲ. ಚಿಟಿಕೆ ಉಪ್ಪು ಒಂದು ಲೋಟ ಮಜ್ಜಿಗೆಗೆ ಗೊತ್ತಾಗುತ್ತದೆ, ಹಂಡೆ ಸಾರಿಗೆ ಗೊತ್ತಾಗುವುದಿಲ್ಲ ಅಲ್ವಾ, ಹಾಗೆ. ಬೆಳಕಿನ ನಿಜವಾದ ಪ್ರಮಾಣದ ಘನಮೂಲಕ್ಕೆ ಹತ್ತಿರವಾಗಿ ಕಣ್ಣು ಅದನ್ನು ಗ್ರಹಿಸುತ್ತದೆ. 1976ರಲ್ಲಿ ಬೆಳಕು ಮತ್ತು ಬಣ್ಣದ ಅಂತರರಾಷ್ಟ್ರೀಯ ಸಂಸ್ಥೆ ಸಿಐಇ ಕೊಟ್ಟ ಲೈಟ್‌ನೆಸ್ ಸೂತ್ರವೂ ಘನಮೂಲದ ಮೇಲೆಯೇ ನಿಂತಿದೆ. ಈ ಲೆಕ್ಕದಲ್ಲಿ ಪಿಡಬ್ಲ್ಯೂಎಂ 128, ಅಂದರೆ ಅರ್ಧ ಬೆಳಕು, ಕಣ್ಣಿಗೆ ಸುಮಾರು ಶೇಕಡ 80ರಷ್ಟು ಕಾಣುತ್ತದೆ. ಹಾಗಾಗಿ ರ‍್ಯಾಂಪ್ ಅನ್ನು ಚಿಪ್‌ನ ಎಣಿಕೆಗೆ ಬಿಡಬಾರದು, ಕಣ್ಣಿಗೆ ತಕ್ಕ ಹಾಗೆ ಕಟ್ಟಬೇಕು. ಮುಂದಿನ ಕೆಲಸವೆಲ್ಲ ಇದಕ್ಕಾಗಿಯೇ.

ಯಾವ ಡ್ರೈವರ್

ಇಲ್ಲಿ ನಾನು ಹಿಡಿದಿರುವುದು ಹವ್ಯಾಸಿಗಳು ಜಾಸ್ತಿ ಬಳಸುವ ಜೋಡಿ. ಒಂದು ಎಎಂಸಿ7135 ಚಿಪ್ (ಮುಂದೆ ಬರೀ 7135), ಒಂದು ಮಾಸ್‌ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್, ಮುಂದೆ ಬರೀ ಫೆಟ್). ಇವೆರಡನ್ನೂ ಆಡಿಸಲು ಒಂದು ಎಟಿಟೈನಿ85, ಅಂದರೆ ನಮ್ಮ ಕೋಡ್ ಓಡಿಸುವ ಪುಟ್ಟ ಮೈಕ್ರೋಕಂಟ್ರೋಲರ್. 7135 ತನ್ನ ಮೂಲಕ 350 ಮಿಲಿಆಂಪ್ ಮಾತ್ರ ಬಿಡುತ್ತದೆ. ಬ್ಯಾಟರಿ ವೋಲ್ಟೇಜ್ ಇಳಿದರೂ ಅಷ್ಟೇ ಬಿಡುತ್ತದೆ. ಫೆಟ್‌ಗೆ ಅಂಥ ಶಿಸ್ತಿಲ್ಲ. ಬ್ಯಾಟರಿ, ತಂತಿ ಮತ್ತು ಎಲ್‌ಇಡಿ ಎಷ್ಟು ತಡೆಯುತ್ತವೋ ಅಷ್ಟೇ ತಡೆ, ಉಳಿದದ್ದೆಲ್ಲ ಎಲ್‌ಇಡಿಗೆ. ಸಣ್ಣ ಬೆಳಕಿಗೆ 7135, ದೊಡ್ಡ ಬೆಳಕಿಗೆ ಫೆಟ್.

ಟೈನಿ85ರಲ್ಲಿ 8 ಕಿಲೋಬೈಟ್ ಫ್ಲ್ಯಾಶ್ ಮತ್ತು 512 ಬೈಟ್ ರ‍್ಯಾಮ್ ಇದೆ. ಹಳೆಯ ಡ್ರೈವರ್‌ಗಳಲ್ಲಿ ಕಾಣುವ ಟೈನಿ13ಎಯಲ್ಲಿ 1 ಕಿಲೋಬೈಟ್ ಫ್ಲ್ಯಾಶ್, 64 ಬೈಟ್ ರ‍್ಯಾಮ್ ಅಷ್ಟೇ. ಅದರಲ್ಲೂ ರ‍್ಯಾಂಪ್ ಮಾಡಬಹುದು, ಆದರೆ ಉಸಿರುಗಟ್ಟುತ್ತದೆ. ಹೊಸದಾಗಿ ಕಟ್ಟುವವರು 85 ತಗೊಳ್ಳಿ.

ನನ್ನ ಜೋಡಣೆ ಹೀಗಿದೆ: 5ನೇ ಕಾಲಿಗೆ 7135, 6ನೇ ಕಾಲಿಗೆ ಫೆಟ್‌ನ ಗೇಟ್ (ಫೆಟ್ ಅನ್ನು ತೆರೆದು ಮುಚ್ಚುವ ಕಾಲು). ಬಟನ್ ಅನ್ನು 7ನೇ ಅಥವಾ 2ನೇ ಕಾಲಿಗೆ ಹಾಕಬಹುದು. ಗೇಟ್‌ನಿಂದ ನೆಲಕ್ಕೆ (ಗ್ರೌಂಡ್) ಒಂದು 100 ಕಿಲೋಓಮ್ ರೆಸಿಸ್ಟರ್ ಮರೆಯಬೇಡಿ. ಅದಿಲ್ಲದಿದ್ದರೆ ಚಿಪ್ ರಿಸೆಟ್ ಆಗಿರುವ ಹೊತ್ತಿನಲ್ಲಿ ಗೇಟ್ ತೇಲಾಡುತ್ತದೆ, ಟಾರ್ಚ್ ತಾನಾಗಿ ಪೂರ್ತಿ ಉರಿಯಬಹುದು. ಬೆಂಗಳೂರಿನವರಿಗೆ ರೆಸಿಸ್ಟರ್, ಕೆಪಾಸಿಟರ್, ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರ್ (ಕಂಪ್ಯೂಟರ್‌ನಿಂದ ಚಿಪ್‌ಗೆ ಕೋಡ್ ತುಂಬುವ ಸಾಧನ) ಇವೆಲ್ಲ ಎಸ್.ಪಿ. ರೋಡ್‌ನಲ್ಲಿ ಸಿಗುತ್ತವೆ. 7135 ಮತ್ತು ಸಣ್ಣ ವೃತ್ತಾಕಾರದ ಬೋರ್ಡ್‌ಗಳನ್ನು ಆನ್‌ಲೈನ್‌ನಲ್ಲಿ ತರಿಸುವುದು ಸುಲಭ.

ಚಿಪ್‌ಗೆ ಕೋಡ್ ತುಂಬುವುದು

ಬ್ಯಾಟರಿ ತೆಗೆದಿಡಿ. ಎಲ್‌ಇಡಿಯ ಒಂದು ತಂತಿಯನ್ನೂ ಬಿಚ್ಚಿಡಿ. ಪ್ರೋಗ್ರಾಮಿಂಗ್‌ಗೆ ಬಳಸುವ 5 ಮತ್ತು 6ನೇ ಕಾಲುಗಳೇ ನಮ್ಮ ಪಿಡಬ್ಲ್ಯೂಎಂ ಕಾಲುಗಳು. ತಂತಿ ಬಿಚ್ಚದಿದ್ದರೆ ಕೋಡ್ ಹೋಗುವಾಗ ಎಲ್‌ಇಡಿ ಹುಚ್ಚುಚ್ಚಾಗಿ ಮಿನುಗುತ್ತದೆ, ಬರವಣಿಗೆಯೂ ಕೆಡಬಹುದು.

ಎಂಟು ಕಾಲಿನ ಕ್ಲಿಪ್ ಹಾಕಿ ಯುಎಸ್‌ಬಿಎಎಸ್‌ಪಿಗೆ ಜೋಡಿಸಿ: 1 ರಿಸೆಟ್, 4 ನೆಲ, 5 ಮೋಸಿ, 6 ಮಿಸೋ, 7 ಕ್ಲಾಕ್, 8 ವಿಸಿಸಿ. ಕಾರ್ಖಾನೆಯಿಂದ ಬಂದ ಟೈನಿ85 ಒಳಗಿನ 8 ಮೆಗಾಹರ್ಟ್ಜ್ ಕ್ಲಾಕ್ ಅನ್ನು ಎಂಟರಿಂದ ಭಾಗಿಸಿ 1 ಮೆಗಾಹರ್ಟ್ಜ್‌ನಲ್ಲಿ ಓಡುತ್ತದೆ. ಆ ವೇಗಕ್ಕೆ ಪ್ರೋಗ್ರಾಮರ್ ಕ್ಲಾಕ್ 250 ಕಿಲೋಹರ್ಟ್ಜ್‌ಗಿಂತ ಕೆಳಗಿರಬೇಕು. ಚಿಪ್ ಸಿಗುತ್ತಿಲ್ಲ ಎಂದು ಕೋಡ್ ತುಂಬುವ ಸಾಫ್ಟ್‌ವೇರ್ ಎವಿಆರ್‌ಡ್ಯೂಡ್ ಗೊಣಗಿದರೆ ಮೊದಲು ವೇಗ ಇಳಿಸಿ ನೋಡಿ. ಆಮೇಲೆ ಲೋ ಫ್ಯೂಸ್ (ಚಿಪ್‌ನ ಮೂಲ ಸೆಟ್ಟಿಂಗ್‌ಗಳಿರುವ ಬೈಟ್) ಅನ್ನು ಹೆಕ್ಸ್ 62ರಿಂದ ಹೆಕ್ಸ್ ಇ2ಗೆ ಬದಲಾಯಿಸಿ. ಈಗ ಚಿಪ್ ಪೂರ್ತಿ 8 ಮೆಗಾಹರ್ಟ್ಜ್‌ನಲ್ಲಿ ಓಡುತ್ತದೆ. ರಿಸೆಟ್ ಕಾಲನ್ನು ನಿಷ್ಕ್ರಿಯ ಮಾಡುವ ಫ್ಯೂಸ್ ಮಾತ್ರ ಮುಟ್ಟಬೇಡಿ. ಮುಟ್ಟಿದರೆ ಈ ಪ್ರೋಗ್ರಾಮರ್‌ನಿಂದ ಚಿಪ್ ಮತ್ತೆ ಮಾತಾಡುವುದಿಲ್ಲ.

ಎಲ್ಲವನ್ನೂ ಶೂನ್ಯದಿಂದ ಬರೆಯಬೇಕೆಂದೇನಿಲ್ಲ. ಆಂಡುರಿಲ್ ಎನ್ನುವ ಮುಕ್ತ ಫರ್ಮ್‌ವೇರ್ ಇದೇ ಚಿಪ್‌ಗಳಿಗಾಗಿ ಬೆಳೆದದ್ದು. 150 ಹಂತಗಳ ರ‍್ಯಾಂಪ್ ಇದೆ, ಪ್ರತಿ ಹಂತದ ಪಿಡಬ್ಲ್ಯೂಎಂ ಸಂಖ್ಯೆಗಳ ಪಟ್ಟಿ ಲೆಕ್ಕ ಹಾಕುವ ಪೈಥಾನ್ ಸ್ಕ್ರಿಪ್ಟ್ ಕೂಡ ಇದೆ. ಅದರ ಪಟ್ಟಿ ಬದಲಾಯಿಸುವವರಿಗೂ, ಸ್ವಂತ ಕೋಡ್ ಬರೆಯುವವರಿಗೂ ಮುಂದಿನ ಲೆಕ್ಕ ಒಂದೇ. ಒಮ್ಮೆ ಕೈಯಿಂದ ಹಾಕಿ ನೋಡಿ. ಸ್ಕ್ರಿಪ್ಟ್ ಕೊಟ್ಟ ಸಂಖ್ಯೆಯನ್ನು ನಂಬಬೇಕೋ ಬೇಡವೋ ಎನ್ನುವುದು ಆಗ ನಿಮಗೇ ಗೊತ್ತಾಗುತ್ತದೆ.

ಮೊದಲು ಅಳತೆ

ಇಲ್ಲಿ ಅವಸರ ಬೇಡ. ಬೇರೆಯವರ ಪಟ್ಟಿ ನಿಮ್ಮ ಟಾರ್ಚ್‌ಗೆ ಸರಿಹೋಗದಿರುವುದಕ್ಕೆ ದೊಡ್ಡ ಕಾರಣ ಇದೇ: ಅವರ ಎಲ್‌ಇಡಿ ಬೇರೆ, ಬ್ಯಾಟರಿ ಬೇರೆ, ತಂತಿ ಬೇರೆ.

ಎರಡು ಪರೀಕ್ಷಾ ಕೋಡ್ ಮಾಡಿ. ಒಂದರಲ್ಲಿ 7135 ಮಾತ್ರ ಪೂರ್ತಿ. ಇನ್ನೊಂದರಲ್ಲಿ ಫೆಟ್ ಮಾತ್ರ ಪೂರ್ತಿ. ಕತ್ತಲೆ ಕೋಣೆಯಲ್ಲಿ ಟಾರ್ಚ್ ಅನ್ನು ನೆಲದ ಮೇಲೆ ಸೂರಿಗೆ ಮುಖ ಮಾಡಿ ನಿಲ್ಲಿಸಿ. ಸ್ವಲ್ಪ ದೂರದಲ್ಲಿ ಫೋನ್ ಇಟ್ಟು ಲಕ್ಸ್ ಮೀಟರ್ ಆ್ಯಪ್‌ನಲ್ಲಿ ಓದಿ. ಎರಡೂ ಸಲ ಟಾರ್ಚ್ ಮತ್ತು ಫೋನ್ ಅದೇ ಜಾಗದಲ್ಲಿರಲಿ. ಫೋನ್ ತೋರಿಸುವ ಸಂಖ್ಯೆ ನಿಖರವಲ್ಲದಿದ್ದರೂ ಚಿಂತೆಯಿಲ್ಲ, ನಮಗೆ ಬೇಕಾದದ್ದು ಎರಡರ ಅನುಪಾತ. ಫೆಟ್ ಓದನ್ನು ಮೊದಲ ಕೆಲವೇ ಸೆಕೆಂಡಿನಲ್ಲಿ ಬರೆದುಕೊಳ್ಳಿ. ಬಿಸಿ ಏರಿದ ಹಾಗೆ ಬೆಳಕು ಇಳಿಯುತ್ತದೆ. ಎಲ್‌ಇಡಿಯನ್ನು ನೇರ ನೋಡಬೇಡಿ.

ಬ್ಯಾಟರಿ ಪೂರ್ತಿ ತುಂಬಿ 4.2 ವೋಲ್ಟ್ ಇರುವಾಗ ಅಳೆಯಬೇಡಿ ಎನ್ನುವುದು ನನ್ನ ಅಭಿಪ್ರಾಯ. 3.9 ವೋಲ್ಟ್ ಹತ್ತಿರ ಅಳೆಯಿರಿ. ಟಾರ್ಚ್ ಜಾಸ್ತಿ ಹೊತ್ತು ಇರುವುದು ಅಲ್ಲೇ. ಫೆಟ್ ಬೆಳಕು ವೋಲ್ಟೇಜ್ ಜೊತೆ ಏರಿಳಿಯುವುದರಿಂದ ನಡುವಿನ ಒಂದು ಬಿಂದುವಿಗೆ ಪಟ್ಟಿ ಕಟ್ಟುವುದು ಒಳ್ಳೆಯದು.

ಉದಾಹರಣೆಗೆ ಅನುಪಾತ 1ಕ್ಕೆ 10 ಬಂತು ಎಂದಿಟ್ಟುಕೊಳ್ಳೋಣ. 7135 ಪೂರ್ತಿ 140 ಲುಮೆನ್, ಫೆಟ್ ಪೂರ್ತಿ 1400 ಲುಮೆನ್. ತೀರಾ ಕೆಳಗಿನ ಹಂತ 1 ಲುಮೆನ್.

ಪಟ್ಟಿ ಕಟ್ಟುವುದು

ಲೆಕ್ಕ ಕಣ್ಣಿಗೆ ಕಾಣಲಿ ಎಂದು 16 ಹಂತ ತಗೊಳ್ಳುತ್ತೇನೆ. 1ರ ಘನಮೂಲ 1. 1400ರ ಘನಮೂಲ 11.187. ನಡುವೆ 15 ಸಮ ಜಿಗಿತ, ಒಂದೊಂದೂ 0.679. ಯಾವುದೇ ಹಂತಕ್ಕೆ ಬೇಕಾದ ಲುಮೆನ್ ಸಿಗಬೇಕಾದರೆ 1ಕ್ಕೆ ಅಷ್ಟು ಜಿಗಿತ ಕೂಡಿಸಿ ಘನ ಮಾಡಿ. 5ನೇ ಹಂತಕ್ಕೆ ನಾಲ್ಕು ಜಿಗಿತ: 3.7165. ಅದರ ಘನ 51.3 ಲುಮೆನ್. 140 ಲುಮೆನ್‌ಗೆ ಪಿಡಬ್ಲ್ಯೂಎಂ 255 ಆದರೆ 51.3ಕ್ಕೆ 94.

140 ದಾಟಿದ ಮೇಲೆ 7135 ಅನ್ನು 255ರಲ್ಲೇ ಬಿಟ್ಟು ಫೆಟ್ ಏರಿಸಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಫೆಟ್ ತೆರೆದಿರುವ ಕ್ಷಣದಲ್ಲಿ 7135 ಹೊಸದಾಗಿ ಏನೂ ಸೇರಿಸುವುದಿಲ್ಲ ಎಂದೇ ಹೇಳಬಹುದು, ಬೆಳಕೆಲ್ಲ ಫೆಟ್‌ನದ್ದೇ. ಫೆಟ್ ಮುಚ್ಚಿದಾಗ ಮಾತ್ರ 7135ರ 140 ಲುಮೆನ್ ಕಾಣುತ್ತದೆ. ಹಾಗಾಗಿ ಫೆಟ್ ನಿಜವಾಗಿ ತುಂಬುವ ಅಂತರ 1400 ಅಲ್ಲ, 1400ರಲ್ಲಿ 140 ಕಳೆದು 1260. 9ನೇ ಹಂತಕ್ಕೆ ಬೇಕಾದದ್ದು 266.2 ಲುಮೆನ್. 140 ಕಳೆದರೆ 126.2. ಅದನ್ನು 1260ರಿಂದ ಭಾಗಿಸಿ 255ರಿಂದ ಗುಣಿಸಿದರೆ 25.5, ಅಂದರೆ 26. ಒಂದೇ 7135 ಇದ್ದರೆ ಈ ವ್ಯತ್ಯಾಸ ಸಣ್ಣದು. ಆದರೆ 7135 ಚಿಪ್‌ಗಳು ಏಳೆಂಟು ಇರುವ ಡ್ರೈವರ್‌ನಲ್ಲಿ ಇದನ್ನು ಬಿಟ್ಟರೆ ರ‍್ಯಾಂಪ್‌ನ ಮೇಲಿನ ಭಾಗ ಪೂರ್ತಿ ತಪ್ಪುತ್ತದೆ.

ಹದಿನಾರೂ ಹಂತ ಹೀಗೆ ಬರುತ್ತದೆ:

7135: 2, 9, 24, 51, 94, 155, 238, ಮುಂದೆಲ್ಲ 255
ಫೆಟ್: ಮೊದಲ ಏಳು ಹಂತ 0, ಆಮೇಲೆ 10, 26, 44, 67, 95, 127, 164, 206, 255

ಈ ಎರಡು ಸಾಲನ್ನು ಸ್ವಲ್ಪ ಹೊತ್ತು ನೋಡಿ. ಹದಿನಾರರಲ್ಲಿ ಏಳು ಹಂತ, ಹತ್ತಿರ ಹತ್ತಿರ ಅರ್ಧ ರ‍್ಯಾಂಪ್, 350 ಮಿಲಿಆಂಪ್‌ನ ಒಂದು ಪುಟ್ಟ ಚಿಪ್ ಒಳಗೇ ಮುಗಿಯುತ್ತದೆ. ಕರೆಂಟ್ ಹೋದಾಗ ಓದಲು, ರಾತ್ರಿ ಪಂಪ್‌ಸೆಟ್ ಹಾಕಲು ಹೊಲಕ್ಕೆ ನಡೆಯಲು ಬೇಕಾಗುವ ಬೆಳಕೆಲ್ಲ ಇಲ್ಲೇ ಇದೆ. ಬರೀ ಎಣಿಕೆಯ ರ‍್ಯಾಂಪ್‌ನಲ್ಲಿ ಕಳೆದುಹೋಗುತ್ತಿದ್ದದ್ದು ಇದೇ ಭಾಗ.

ನಿಜವಾದ ರ‍್ಯಾಂಪ್‌ಗೆ 16 ಸಾಲದು, ಮೆಟ್ಟಿಲು ಕಾಣುತ್ತದೆ. ಟೈನಿ85ರಲ್ಲಿ 150 ಹಂತ ಮಾಡಿ. ಎರಡು ಪಟ್ಟಿ ಸೇರಿ 300 ಬೈಟ್. ಟೈನಿ13ಎ ಆದರೆ 64 ಹಂತಕ್ಕೆ ನಿಲ್ಲಿಸಿ. ಲೆಕ್ಕವನ್ನು ಕಂಪ್ಯೂಟರ್‌ನಲ್ಲಿ ಹಾಕಿ ಸಿದ್ಧ ಪಟ್ಟಿಯನ್ನೇ ಚಿಪ್‌ಗೆ ಕೊಡಿ, ಚಿಪ್ ಒಳಗೆ ಘನ ಮಾಡಿಸಬೇಡಿ. ಪಟ್ಟಿ ಫ್ಲ್ಯಾಶ್‌ನಲ್ಲೇ ಉಳಿಯಲಿ ಎಂದು ಅದಕ್ಕೆ ಪ್ರೊಗ್‌ಮೆಮ್ ಗುರುತು ಹಾಕಿ, ಓದುವಾಗ ಫ್ಲ್ಯಾಶ್‌ನಿಂದ ಬೈಟ್ ಓದುವ ಫಂಕ್ಷನ್ ಬಳಸಿ. ಹಾಗೆ ಮಾಡದಿದ್ದರೆ ಎವಿಆರ್ ಕಂಪೈಲರ್ ಪಟ್ಟಿಯನ್ನು ರ‍್ಯಾಮ್‌ಗೆ ನಕಲು ಮಾಡುತ್ತದೆ. ಟೈನಿ13ಎಯ 64 ಬೈಟ್ ರ‍್ಯಾಮ್‌ಗೆ 128 ಬೈಟ್ ಪಟ್ಟಿ ತುಂಬಿದರೆ ಪ್ರೋಗ್ರಾಂ ಓಡುವುದೇ ಇಲ್ಲ.

ಶೂನ್ಯ ನಿಜವಾಗಿ ಶೂನ್ಯವೇ?

ಚಿಪ್ ಒಳಗೆ ಪಿಡಬ್ಲ್ಯೂಎಂ ಮಿಡಿತ ಹುಟ್ಟಿಸುವ ಟೈಮರ್0ಗೆ ಎರಡು ಬಗೆಯ ಪಿಡಬ್ಲ್ಯೂಎಂ ಇದೆ. ಫಾಸ್ಟ್ ಮತ್ತು ಫೇಸ್ ಕರೆಕ್ಟ್. 8 ಮೆಗಾಹರ್ಟ್ಜ್‌ನಲ್ಲಿ ಫಾಸ್ಟ್ 31.25 ಕಿಲೋಹರ್ಟ್ಜ್ ಕೊಡುತ್ತದೆ, ಫೇಸ್ ಕರೆಕ್ಟ್ ಸುಮಾರು 15.7. ಅನೇಕರು ಜಾಸ್ತಿ ವೇಗ ಒಳ್ಳೆಯದೆಂದು ಫಾಸ್ಟ್ ಹಾಕುತ್ತಾರೆ. ಆದರೆ ಫಾಸ್ಟ್‌ನಲ್ಲಿ ಸಂಖ್ಯೆ 0 ಕೊಟ್ಟರೂ ಪ್ರತಿ 256 ಕ್ಲಾಕ್‌ಗೆ ಒಂದು ಕ್ಲಾಕ್ ಅಗಲದ ಮೊನೆ ಹೊರಬರುತ್ತದೆ. ಚಿಪ್ ತಯಾರಕರು ಕೊಡುವ ಡೇಟಾಶೀಟ್‌ನಲ್ಲೇ ಇದು ಬರೆದಿದೆ. ಫೆಟ್‌ನ 1400 ಲುಮೆನ್‌ನಲ್ಲಿ 256ನೇ ಒಂದು ಭಾಗ ಅಂದರೆ ಕಾಗದದ ಮೇಲೆ 5.5 ಲುಮೆನ್. ಅಷ್ಟು ಚಿಕ್ಕ ಮೊನೆಗೆ ಗೇಟ್ ಪೂರ್ತಿ ತೆರೆಯುವುದಿಲ್ಲ, ಹಾಗಾಗಿ ನಿಜದಲ್ಲಿ ಇನ್ನೂ ಕಡಿಮೆ. ಆದರೂ 1 ಲುಮೆನ್‌ನ ಕೆಳಹಂತವನ್ನು ಹಾಳುಮಾಡಲು ಅದು ಸಾಕು. ಸಣ್ಣ ಬೆಳಕು ಸಣ್ಣಗಾಗುತ್ತಲೇ ಇಲ್ಲ ಎಂದು ತಲೆ ಕೆಡಿಸಿಕೊಂಡವರು ಮೊದಲು ಇಲ್ಲಿ ನೋಡಬೇಕು.

ಫೇಸ್ ಕರೆಕ್ಟ್‌ನಲ್ಲಿ 0 ಅಂದರೆ ಪೂರ್ತಿ ಆಫ್. ಸುಮ್ನೆ ಎಲ್ಲ ಹಂತಕ್ಕೂ ಅದನ್ನೇ ಇಡಿ. ಟೈಮರ್‌ನ ಸೆಟ್ಟಿಂಗ್ ಇಟ್ಟುಕೊಳ್ಳುವ ಟಿಸಿಸಿಆರ್0ಎ ರಿಜಿಸ್ಟರ್‌ಗೆ ಹೆಕ್ಸ್ ಎ1, ಟಿಸಿಸಿಆರ್0ಬಿಗೆ 1. ಫಾಸ್ಟ್ ಆಗಿದ್ದರೆ ಮೊದಲಿನದು ಹೆಕ್ಸ್ ಎ3 ಇರುತ್ತದೆ. ಹಳೆಯ ಕೋಡ್ ಕೈಗೆ ಬಂದಾಗ ಈ ಒಂದು ಸಂಖ್ಯೆ ನೋಡಿದರೆ ಸಾಕು.

ಕೆಳಗಿನ ಹಂತಗಳು

ಒಳ್ಳೆಯ ಟಾರ್ಚ್ ಮತ್ತು ಸಾಧಾರಣ ಟಾರ್ಚ್ ಬೇರೆಯಾಗುವುದು ಇಲ್ಲಿ.

7135ಕ್ಕೆ ಎಚ್ಚರವಾಗಲು ಸ್ವಲ್ಪ ಹೊತ್ತು ಬೇಕು. ಪಿಡಬ್ಲ್ಯೂಎಂ 2 ಅಂದರೆ 8 ಮೆಗಾಹರ್ಟ್ಜ್‌ನಲ್ಲಿ ಅರ್ಧ ಮೈಕ್ರೋಸೆಕೆಂಡಿನ ಮಿಡಿತ. ಅಷ್ಟರಲ್ಲಿ ಚಿಪ್ ಕಣ್ಣು ಬಿಡದೇ ಇರಬಹುದು. ಹಾಗಾಗಿ 1ರಿಂದ 10ರವರೆಗಿನ ಸಂಖ್ಯೆಯನ್ನು ಒಂದೊಂದಾಗಿ ಎರಡೆರಡು ಸೆಕೆಂಡ್ ಬೆಳಗಿಸುವ ಪುಟ್ಟ ಪರೀಕ್ಷಾ ಕೋಡ್ ಬರೆದು ಕತ್ತಲಲ್ಲಿ ನೋಡಿ. ಯಾವ ಸಂಖ್ಯೆಯಿಂದ ಬೆಳಕು ಖಚಿತವಾಗಿ ಬರುತ್ತದೆ? ಬ್ಯಾಟರಿ ತುಂಬಿದ್ದಾಗಲೂ, 3.2 ವೋಲ್ಟ್‌ಗೆ ಇಳಿದಾಗಲೂ ನೋಡಿ. ಎರಡರಲ್ಲೂ ಬೆಳಗುವ ಸಂಖ್ಯೆಯೇ ನಿಮ್ಮ ತಳ.

ತಳ ತುಂಬಾ ಮೇಲಿದ್ದರೆ ಮದ್ದು ಇದೆ. ಕೆಳಗಿನ ಹಂತಗಳಲ್ಲಿ ಇಡೀ ಚಿಪ್‌ನ ಕ್ಲಾಕ್ ಅನ್ನೇ ನಾಲ್ಕರಿಂದ ಭಾಗಿಸಿ 2 ಮೆಗಾಹರ್ಟ್ಜ್ ಮಾಡಿ. ಅದೇ ಪಿಡಬ್ಲ್ಯೂಎಂ 2ರ ಮಿಡಿತ ಈಗ 2 ಮೈಕ್ರೋಸೆಕೆಂಡ್. ಪಿಡಬ್ಲ್ಯೂಎಂ ವೇಗ 3.9 ಕಿಲೋಹರ್ಟ್ಜ್‌ಗೆ ಇಳಿಯುತ್ತದೆ, ಕಣ್ಣಿಗೆ ಮಿನುಗು ಕಾಣುವುದಿಲ್ಲ. ಚಿಪ್ ತಿನ್ನುವ ಕರೆಂಟೂ ಕಡಿಮೆಯಾಗುತ್ತದೆ. ಕ್ಲಾಕ್ ಭಾಗಿಸುವ ಸಿಎಲ್‌ಕೆಪಿಆರ್ ರಿಜಿಸ್ಟರ್ ಅನ್ನು ಎರಡು ಹೆಜ್ಜೆಯಲ್ಲಿ, ನಾಲ್ಕು ಕ್ಲಾಕ್ ಒಳಗೆ ಬರೆಯಬೇಕು. ಈ ಚಿಪ್‌ಗಳ ಸಿ ಲೈಬ್ರರಿಯಾದ ಎವಿಆರ್ ಲಿಬ್‌ಸಿಯಲ್ಲಿ ಇದಕ್ಕೆ ಸಿದ್ಧ ಫಂಕ್ಷನ್ ಇದೆ, ಅದನ್ನೇ ಬಳಸಿ. ಕೋಡ್‌ನಲ್ಲಿ ಡಿಲೇ ಲೂಪ್‌ಗಳಿದ್ದರೆ ಅವೂ ನಾಲ್ಕು ಪಟ್ಟು ನಿಧಾನವಾಗುತ್ತವೆ ಎನ್ನುವುದು ನೆನಪಿರಲಿ.

ಇನ್ನೊಂದು ಸಮಸ್ಯೆ ಪೂರ್ಣಾಂಕದ್ದು. 150 ಹಂತದ ಪಟ್ಟಿಯ ಮೊದಲ ಎಂಟು ಸಂಖ್ಯೆ ನೋಡಿ: 2, 2, 3, 3, 4, 4, 5, 6. ಹಂತ ಏರಿದರೂ ಬೆಳಕು ನಿಂತೇ ಇರುತ್ತದೆ, ಆಮೇಲೆ 2ರಿಂದ 3ಕ್ಕೆ ಒಂದೇ ಸಲ ಒಂದೂವರೆ ಪಟ್ಟು ಹಾರುತ್ತದೆ. ಕತ್ತಲಿಗೆ ಹೊಂದಿದ ಕಣ್ಣಿಗೆ ಇದು ಸ್ಪಷ್ಟವಾಗಿ ಕಾಣುತ್ತದೆ. ಲೆಕ್ಕದಲ್ಲಿ ಬಂದ ನಿಜವಾದ ಬೆಲೆಗಳು 1.82, 2.22, 2.68, 3.19, 3.76, 4.40, 5.11, 5.89. ನಾವು ಭಿನ್ನಾಂಕವನ್ನು ಎಸೆದುಬಿಟ್ಟಿದ್ದೇವೆ.

ಅದನ್ನು ಉಳಿಸಿಕೊಳ್ಳುವ ಉಪಾಯ ಹೀಗಿದೆ. ಟೈಮರ್ ಪ್ರತಿ ಸುತ್ತು ಮುಗಿಸಿದಾಗ ಓವರ್‌ಫ್ಲೋ ಇಂಟರಪ್ಟ್ (ಓಡುತ್ತಿರುವ ಕೋಡ್ ತಡೆದು ಒಂದು ಪುಟ್ಟ ಕೆಲಸ ಮಾಡಿಸುವ ಸಂಕೇತ) ಬರುತ್ತದೆ. ಅದರೊಳಗೆ ಭಿನ್ನಾಂಕವನ್ನು ಒಂದು ಡಬ್ಬಿಗೆ ಕೂಡಿಸುತ್ತಾ ಹೋಗಿ. ಡಬ್ಬಿ ತುಂಬಿ ಚೆಲ್ಲಿದ ಸುತ್ತಿನಲ್ಲಿ ಪಿಡಬ್ಲ್ಯೂಎಂಗೆ ಒಂದು ಜಾಸ್ತಿ ಕೊಡಿ, ಇಲ್ಲವಾದರೆ ಇದ್ದಷ್ಟೇ ಕೊಡಿ. 2.25 ಬೇಕಾದರೆ ಮೂರು ಸುತ್ತು 2, ಒಂದು ಸುತ್ತು 3. ಕಣ್ಣು ಸರಾಸರಿಯನ್ನು ಮಾತ್ರ ನೋಡುತ್ತದೆ. ಕಾಲುಭಾಗದ ಲೆಕ್ಕದಲ್ಲಿ ಆ ಎಂಟು ಹಂತ ಈಗ 1.75, 2.25, 2.75, 3.25, 3.75, 4.5, 5, 6. ಒಂದೂ ಪುನರಾವರ್ತನೆ ಇಲ್ಲ. ಪಿಡಬ್ಲ್ಯೂಎಂ ರಿಜಿಸ್ಟರ್ ಹೊಸ ಸಂಖ್ಯೆಯನ್ನು ಸುತ್ತಿನ ತುದಿಯಲ್ಲೇ ತಗೊಳ್ಳುವುದರಿಂದ ನಡುವೆ ಮಿಂಚು ಬರುವುದಿಲ್ಲ.

ಭಿನ್ನಾಂಕ ಇನ್ನೂ ಸಣ್ಣದಾಗಿರಲಿ ಎಂದು 256ನೇ ಭಾಗಕ್ಕೆ ಹೋಗಬೇಡಿ. 15.7 ಕಿಲೋಹರ್ಟ್ಜ್ ಅನ್ನು 256ರಿಂದ ಭಾಗಿಸಿದರೆ 61 ಹರ್ಟ್ಜ್, ಅದು ಕಣ್ಣಿಗೆ ಮಿನುಗಬಹುದು. 16ನೇ ಭಾಗ ಆದರೆ 980 ಹರ್ಟ್ಜ್, ಸಾಕಷ್ಟು ವೇಗ. ಕ್ಲಾಕ್ ಅನ್ನು 2 ಮೆಗಾಹರ್ಟ್ಜ್‌ಗೆ ಇಳಿಸಿದ್ದರೆ ಕಾಲುಭಾಗದಲ್ಲೇ ನಿಲ್ಲಿ, ಆಗಲೂ ಅದೇ 980 ಬರುತ್ತದೆ. ಪಿಡಬ್ಲ್ಯೂಎಂ 30 ದಾಟಿದ ಮೇಲೆ ಈ ಇಂಟರಪ್ಟ್ ಬೇಕಾಗಿಲ್ಲ, ಮುಚ್ಚಿಬಿಡಿ.

ಬಟನ್ ಮತ್ತು ವೇಗ

ಸಮಯಕ್ಕೆ ವಾಚ್‌ಡಾಗ್ ಟೈಮರ್ ಬಳಸಿ. ಅದು 16 ಮಿಲಿಸೆಕೆಂಡಿಗೊಮ್ಮೆ ಇಂಟರಪ್ಟ್ ಕೊಡುವ ಹಾಗೆ ಇಡಿ, ಇದೇ ನಮ್ಮ ಒಂದು ಟಿಕ್. ಅದರ ಕ್ಲಾಕ್ ಬೇರೆಯೇ ಇರುವುದರಿಂದ ಮೇಲೆ ಹೇಳಿದ ಹಾಗೆ ಚಿಪ್ ನಿಧಾನವಾದರೂ ರ‍್ಯಾಂಪ್ ವೇಗ ಬದಲಾಗುವುದಿಲ್ಲ. ಪ್ರತಿ ಟಿಕ್‌ಗೆ ಒಂದು ಹಂತ ಏರಿದರೆ 150 ಹಂತಕ್ಕೆ 2.4 ಸೆಕೆಂಡ್. ನನಗೆ ಇದು ಹದವಾಗಿದೆ ಅನಿಸುತ್ತದೆ. ಎರಡು ಸೆಕೆಂಡಿಗಿಂತ ಬೇಗ ಆದರೆ ಬೇಕಾದಲ್ಲಿ ನಿಲ್ಲಿಸಲು ಕಷ್ಟ. ನಾಲ್ಕು ಆದರೆ ಬೆರಳು ಕಾಯುತ್ತಾ ಕೂರಬೇಕು. ವಯಸ್ಸಾದವರಿಗೆ ಮಾಡಿಕೊಡುವುದಾದರೆ ಎರಡು ಟಿಕ್‌ಗೆ ಒಂದು ಹಂತ ಇಡಿ.

ಬಟನ್ ಸತತ ಎರಡು ಟಿಕ್ ಒಂದೇ ಸ್ಥಿತಿ ತೋರಿಸಿದರೆ ಮಾತ್ರ ನಂಬಿ. 24 ಟಿಕ್, ಅಂದರೆ ಸುಮಾರು 0.4 ಸೆಕೆಂಡ್ ಒತ್ತಿ ಹಿಡಿದಿದ್ದರೆ ರ‍್ಯಾಂಪ್ ಶುರು. ಬಿಟ್ಟರೆ ಅಲ್ಲೇ ನಿಲ್ಲಬೇಕು. ಬಿಟ್ಟು ಒಂದು ಸೆಕೆಂಡ್ ಒಳಗೆ ಮತ್ತೆ ಹಿಡಿದರೆ ದಿಕ್ಕು ತಿರುಗಲಿ. ಬೇಕಾದ ಬೆಳಕು ದಾಟಿಹೋದಾಗ ತಕ್ಷಣ ಹಿಂದೆ ಬರಲು ಇದು ಬೇಕೇ ಬೇಕು. ಸೆಕೆಂಡ್ ಕಳೆದ ಮೇಲೆ ಹಿಡಿದರೆ ಯಾವಾಗಲೂ ಮೇಲಕ್ಕೆ, ತುದಿಯಲ್ಲಿದ್ದರೆ ಕೆಳಕ್ಕೆ. ತುದಿ ಮುಟ್ಟಿದಾಗ ಒಂದು ಟಿಕ್ ಆರಿಸಿ ಹತ್ತಿಸಿದರೆ ಇನ್ನು ಜಾಗ ಇಲ್ಲ ಎಂದು ಕೈಗೆ ಗೊತ್ತಾಗುತ್ತದೆ. 7135 ಮುಗಿದು ಫೆಟ್ ಶುರುವಾಗುವಲ್ಲೂ ಹೀಗೆ ಮಿನುಗಿಸುವವರಿದ್ದಾರೆ. ನನಗೆ ಅದು ಬೇಡ, ನಯವಾಗಿ ಹೋಗುವ ಬೆಳಕನ್ನು ನಾವೇ ಯಾಕೆ ಕತ್ತರಿಸಬೇಕು?

ಮಿತಿ, ನೆನಪು, ಬಿಸಿ

ರ‍್ಯಾಂಪ್‌ನ ಕೆಳ ಮಿತಿ ಮತ್ತು ಮೇಲಿನ ಮಿತಿ ಕೋಡ್‌ನಲ್ಲಿ ಎರಡು ವೇರಿಯಬಲ್‌ಗಳಾಗಿರಲಿ. ಮೇಲಿನ ಮಿತಿಯನ್ನು 150ಕ್ಕೆ ಬದಲು 120ರಲ್ಲಿಟ್ಟು, ಪೂರ್ತಿ ಬೆಳಕನ್ನು ಎರಡು ಸಲ ಕ್ಲಿಕ್‌ಗೆ ಮೀಸಲಿಡಿ. ದಿನದ ಬಳಕೆಯಲ್ಲಿ ಟಾರ್ಚ್ ಕೈಸುಡದೆ ಉಳಿಯುತ್ತದೆ.

ಕೊನೆಯ ಹಂತವನ್ನು ಇಇಪ್ರಾಮ್‌ನಲ್ಲಿ (ಬ್ಯಾಟರಿ ತೆಗೆದರೂ ಅಳಿಯದ ನೆನಪು) ಬರೆದಿಡಬಹುದು. ಆದರೆ ಪ್ರತಿ ಹಂತಕ್ಕೂ ಬರೆಯಬೇಡಿ. ಒಂದು ಜಾಗಕ್ಕೆ 1,00,000 ಸಲ ಬರೆಯಬಹುದು ಎನ್ನುತ್ತದೆ ಡೇಟಾಶೀಟ್. 150 ಹಂತದ ರ‍್ಯಾಂಪ್ ಒಮ್ಮೆ ಓಡಿದರೆ ಅದರಲ್ಲಿ 150 ಖರ್ಚು. ಟಾರ್ಚ್ ಆರಿಸುವಾಗ ಮಾತ್ರ, ಅದೂ ಸಂಖ್ಯೆ ಬದಲಾಗಿದ್ದರೆ ಮಾತ್ರ ಬರೆಯಿರಿ. ಆರಿಸಿದ ಮೇಲೆ ಪಿಡಬ್ಲ್ಯೂಎಂ ಕಾಲುಗಳನ್ನು ಟೈಮರ್‌ನಿಂದ ಬಿಡಿಸಿ ಶೂನ್ಯಕ್ಕೆ ಇಳಿಸಿ. ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿ ಓದುವ ಭಾಗ), ವಾಚ್‌ಡಾಗ್ ಎರಡನ್ನೂ ಮುಚ್ಚಿ ಪವರ್ ಡೌನ್ ನಿದ್ದೆಗೆ ಕಳಿಸಿ. ಎಬ್ಬಿಸಲು ಬಟನ್‌ನ ಪಿನ್ ಚೇಂಜ್ ಇಂಟರಪ್ಟ್ ಸಾಕು.

ಬ್ಯಾಟರಿ ವೋಲ್ಟೇಜ್ ನೋಡಲು ಚಿಪ್ ಒಳಗಿನ 1.1 ವೋಲ್ಟ್ ಅನ್ನು ವಿಸಿಸಿಗೆ ಹೋಲಿಸಿ ಅಳೆಯಿರಿ. 10 ಬಿಟ್ ಓದು 4.2 ವೋಲ್ಟ್‌ಗೆ 268, 3.0 ವೋಲ್ಟ್‌ಗೆ 375 ಹತ್ತಿರ ಬರುತ್ತದೆ. ವೋಲ್ಟೇಜ್ ಇಳಿದಷ್ಟೂ ಓದು ಏರುತ್ತದೆ, ಗಮನಿಸಿ. ಡ್ರೈವರ್‌ನಲ್ಲಿ ಡಯೋಡ್ ಇದ್ದರೆ ಅದು ತಿನ್ನುವ ವೋಲ್ಟೇಜನ್ನು ಲೆಕ್ಕಕ್ಕೆ ಸೇರಿಸಿ. 3.0 ತಲುಪಿದರೆ ಹಂತ ಇಳಿಸುತ್ತಾ ಹೋಗಿ, ಕೊನೆಗೆ ಆರಿಸಿ. ಲಿಥಿಯಂ ಸೆಲ್‌ಗೆ ಇದು ಕಡ್ಡಾಯ.

ಬಿಸಿಗೆ ಟೈನಿ85 ಒಳಗೇ ಒಂದು ಸೆನ್ಸರ್ ಇದೆ. ಸರಿಹೊಂದಿಸದೆ ಬಳಸಿದರೆ 10 ಡಿಗ್ರಿ ಆಚೀಚೆ ಇರಬಹುದು. ಟಾರ್ಚ್ ಆರಿ ತಣ್ಣಗಿರುವಾಗ ಕೋಣೆಯ ಉಷ್ಣತೆಗೆ ಒಮ್ಮೆ ಹೊಂದಿಸಿಕೊಳ್ಳಿ. ಮಿತಿ ದಾಟಿದರೆ ಸೆಕೆಂಡಿಗೆ ಒಂದು ಹಂತ ಇಳಿಸಿ. ಹಂತಗಳು ಕಣ್ಣಿಗೆ ಸಮವಾಗಿರುವುದರಿಂದ ಬೆಳಕು ಇಳಿಯುತ್ತಿರುವುದು ಗೊತ್ತೇ ಆಗುವುದಿಲ್ಲ. ಟೈನಿ13ಎಯಲ್ಲಿ ಈ ಸೆನ್ಸರ್ ಇಲ್ಲ. ಅಲ್ಲಿ ಪೂರ್ತಿ ಬೆಳಕು ಹತ್ತಿ 45 ಸೆಕೆಂಡ್ ಆದ ಮೇಲೆ ಇದೇ ರೀತಿ ಇಳಿಸಲು ಶುರು ಮಾಡಿ.

ಎಲ್ಲ ತುಂಬಿದ ಮೇಲೆ ಮೊದಲ ಪರೀಕ್ಷೆಯನ್ನು ಫೆಟ್ ಪಟ್ಟಿ ಪೂರ್ತಿ 0 ಮಾಡಿದ ಕೋಡ್‌ನಿಂದಲೇ ಮಾಡಿ. ಬಟನ್, ದಿಕ್ಕು, ನೆನಪು ಎಲ್ಲ ಸರಿಯಿದ್ದರೆ ಮಾತ್ರ ನಿಜವಾದ ಪಟ್ಟಿ ಹಾಕಿ. ಆಮೇಲೆ ಕತ್ತಲಲ್ಲಿ ಹತ್ತು ನಿಮಿಷ ಕೂತು ಕಣ್ಣು ಹೊಂದಿಕೊಂಡ ಮೇಲೆ ತಳದಿಂದ ನಿಧಾನವಾಗಿ ಏರಿಸಿ ನೋಡಿ. 7135ರಿಂದ ಫೆಟ್‌ಗೆ ದಾಟುವಲ್ಲಿ ಜಿಗಿತ ಕಂಡರೆ ನಿಮ್ಮ ಅನುಪಾತ ತಪ್ಪಿದೆ. ಬೆಳಕು ಹಠಾತ್ತನೆ ಏರಿದರೆ ಫೆಟ್ ನೀವು ಬರೆದುಕೊಂಡದ್ದಕ್ಕಿಂತ ಜಾಸ್ತಿ ಕೊಡುತ್ತಿದೆ. ನಿಂತ ಹಾಗೆ ಕಂಡರೆ ಕಡಿಮೆ ಕೊಡುತ್ತಿದೆ. 1400ರ ಜಾಗದ ಸಂಖ್ಯೆಯನ್ನು ಆ ಕಡೆಗೆ ಸ್ವಲ್ಪ ಸರಿಸಿ, ಪಟ್ಟಿ ಮತ್ತೆ ಲೆಕ್ಕ ಹಾಕಿ, ಮತ್ತೆ ತುಂಬಿ. ಎಲ್‌ಇಡಿ ಅಥವಾ ಬ್ಯಾಟರಿಯ ಜಾತಿ ಬದಲಾಯಿಸಿದಾಗಲೂ ಅಳತೆಯಿಂದಲೇ ಮತ್ತೆ ಶುರು ಮಾಡಿ.